ಯುಎಫ್‌ಡಬ್ಲ್ಯೂ ಫೈರ್‌ವಾಲ್ ಆನ್ ಇದೆ, ಆದ್ರೂ ಸರ್ವರ್ ಒಳಗೆ ಕ್ರಿಪ್ಟೋ ಮೈನರ್ ಹೊಕ್ಕಿದೆ, ಹೇಗೆ?

ಓದುಗರ ಪ್ರಶ್ನೆ: ಸರ್, ದಾವಣಗೆರೆಯಲ್ಲಿ ಒಂದು ಟ್ಯೂಷನ್ ಸೆಂಟರ್‌ಗೆ ಆನ್‌ಲೈನ್ ಟೆಸ್ಟ್ ಆಪ್ ಮಾಡ್ಕೊಟ್ಟಿದೀನಿ. ಉಬುಂಟು 24.04 ಇರೋ ಚಿಕ್ಕ ವಿಪಿಎಸ್, 2 ಕೋರ್, 4 ಜಿಬಿ ರ್ಯಾಮ್. ಡಾಕರ್ ಕಂಪೋಸ್‌ನಲ್ಲಿ ಆಪ್, ಪೋಸ್ಟ್‌ಗ್ರೆಸ್ 15 ಆಲ್ಪೈನ್ ಡೇಟಾಬೇಸ್, ಸೆಷನ್‌ಗೆ ರೆಡಿಸ್ 7, ಮೂರೂ ಬೇರೆಬೇರೆ ಕಂಟೇನರ್ ಆಗಿ ಓಡ್ತಿವೆ. ಯುಎಫ್‌ಡಬ್ಲ್ಯೂ ಹಾಕಿದೀನಿ, 22, 80, 443 ಬಿಟ್ಟು ಎಲ್ಲಾ ಬ್ಲಾಕ್. ಹೋದ ವಾರದಿಂದ ಸರ್ವರ್ ತೆವಳ್ತಿದೆ, ಟಾಪ್ ನೋಡಿದ್ರೆ ಕೆಡೆವ್‌ಟಿಎಂಪಿಎಫ್‌ಎಸ್‌ಐ ಅನ್ನೋ ಪ್ರೋಸೆಸ್ 190% ಸಿಪಿಯು ತಿಂತಿದೆ, ಯೂಸರ್ ಕಾಲಂನಲ್ಲಿ ಹೆಸರಿಲ್ಲ, ಬರೀ 70 ಅಂತಿದೆ. ಕಿಲ್ ಮಾಡಿದ್ರೆ ಸ್ವಲ್ಪ ಹೊತ್ತಿಗೆ ವಾಪಸ್ ಬರುತ್ತೆ. ಆಥ್ ಲಾಗ್ ತುಂಬಾ 'ಫೇಲ್ಡ್ ಪಾಸ್‌ವರ್ಡ್ ಫಾರ್ ರೂಟ್'. ಫ್ರೆಂಡ್ ಹೇಳ್ತಾನೆ 22ರಲ್ಲಿರೋ ರಿಮೋಟ್ ಲಾಗಿನ್, ಎಸ್‌ಎಸ್‌ಎಚ್ ಇಂದ ಒಳಗೆ ಬಂದಿದಾರೆ, ಪೋರ್ಟ್ ಚೇಂಜ್ ಮಾಡಿ ಫೇಲ್‌ಟುಬ್ಯಾನ್ ಹಾಕು ಅಂತ. ಪಾಸ್‌ವರ್ಡ್ ಲಾಗಿನ್ ಆಫ್ ಮಾಡಿದೀನಿ ಆದ್ರೂ ಪಾಸ್‌ವರ್ಡ್ ಕೇಳ್ತಾನೇ ಇದೆ. ಡೇಟಾಬೇಸ್ ಪಾಸ್‌ವರ್ಡ್ ಸ್ವಲ್ಪ ಸಿಂಪಲ್ ಇತ್ತು, ಆದ್ರೆ ಅದರ ಪೋರ್ಟ್ 5432 ಬ್ಲಾಕ್ ಇದೆಯಲ್ಲ ಅಂತ ಬಿಟ್ಟಿದ್ದೆ. ಮಕ್ಕಳ ಹೆಸರು, ಫೋನ್ ನಂಬರ್, ಮಾರ್ಕ್ಸ್ ಎಲ್ಲಾ ಇದೆ. ಫಾರ್ಮ್ಯಾಟ್ ಮಾಡದೆ ಉಳಿಸ್ಕೊಳ್ಳೋಕೆ ಆಗುತ್ತಾ?

ಉತ್ತರ: ನಿಮ್ಮ ಪ್ರಶ್ನೆಯಲ್ಲೇ ಮುಕ್ಕಾಲು ಉತ್ತರ ಇದೆ. ಆ 70 ಅನ್ನೋ ನಂಬರ್ ಬರೆದ್ರಲ್ಲ, ಅದೇ ಸುಳಿವು, ತುಂಬಾ ಜನ ಅದನ್ನ ಗಮನಿಸೋದೇ ಇಲ್ಲ. ಪೋಸ್ಟ್‌ಗ್ರೆಸ್‌ನ ಆಲ್ಪೈನ್ ಇಮೇಜ್ ಒಳಗೆ ಪೋಸ್ಟ್‌ಗ್ರೆಸ್ ಯೂಸರ್‌ನ ಐಡಿ 70. ಮಾಮೂಲಿ ಉಬುಂಟುನಲ್ಲಿ ಆ ನಂಬರಿನ ಯೂಸರ್ ಇರಲ್ಲ, ಅದಕ್ಕೇ ಟಾಪ್‌ಗೆ ಹೆಸರು ಸಿಗದೆ ಬರೀ ನಂಬರ್ ತೋರಿಸ್ತಿದೆ. ಅಂದ್ರೆ ಆ ಪ್ರೋಸೆಸ್, ನಿಮ್ಮ ಸಿಪಿಯು ಕದ್ದು ಕ್ರಿಪ್ಟೋ ಕಾಯಿನ್ ತೆಗೆಯೋ ಮೈನರ್, ಓಡ್ತಿರೋದು ನಿಮ್ಮ ಡೇಟಾಬೇಸ್ ಕಂಟೇನರ್ ಒಳಗೆ, ಬಂದಿದ್ದು 5432 ಪೋರ್ಟ್‌ನಿಂದ. ಎಸ್‌ಎಸ್‌ಎಚ್ ಇಂದ ಅಲ್ಲ, ಅಥವಾ ಕಡೇಪಕ್ಷ ಇದು ಅಲ್ಲಿಂದ ಬಂದಿಲ್ಲ. ಉಳಿಸ್ಕೊಳ್ಳೋಕೆ ಆಗುತ್ತಾ ಅನ್ನೋದಕ್ಕೆ ಮುಂದೆ ಬರ್ತೀನಿ, ಅದಕ್ಕೆ ಮೊದಲು ಒಂದೆರಡು ವಿಷಯ ಚೆಕ್ ಮಾಡ್ಬೇಕು.

ಮೊದಲು ನಿಮ್ಮ ಫ್ರೆಂಡ್ ಹೇಳಿದ್ದು. ಫೇಲ್ಡ್ ಪಾಸ್‌ವರ್ಡ್ ಸಾಲುಗಳನ್ನ ನೋಡಿ ಗಾಬರಿ ಆಗೋದು ಸಹಜ, ಆದ್ರೆ ಇಂಟರ್ನೆಟ್‌ಗೆ 22 ತೆರೆದಿಟ್ಟ ಯಾವ ಸರ್ವರ್‌ನಲ್ಲಾದ್ರೂ ಇದು ಇದ್ದದ್ದೇ, ನಿಮ್ಮನ್ನೇ ಹುಡುಕ್ಕೊಂಡು ಯಾರೂ ಬಂದಿಲ್ಲ. ಐಪಿವಿ4ನಲ್ಲಿ ಒಟ್ಟು ಇರೋದೇ ಸುಮಾರು 430 ಕೋಟಿ ವಿಳಾಸ, 2013ರಲ್ಲೇ ಮಿಷಿಗನ್ ಯೂನಿವರ್ಸಿಟಿಯವರು ಝಡ್‌ಮ್ಯಾಪ್ ಅಂತ ಟೂಲ್ ಮಾಡಿ ಒಂದು ಮಷೀನ್, ಒಂದು ಗಿಗಾಬಿಟ್ ಲೈನ್ ಇಟ್ಕೊಂಡು ಇಷ್ಟೂ ವಿಳಾಸದ ಒಂದು ಪೋರ್ಟನ್ನ 45 ನಿಮಿಷದಲ್ಲಿ ತಟ್ಟಿ ನೋಡಬಹುದು ಅಂತ ತೋರಿಸಿದ್ರು. ಹಂಗಾಗಿ ನೀವು ಸರ್ವರ್ ತಗೊಂಡು ಟೀ ಕುಡಿದು ಬರೋಷ್ಟರಲ್ಲಿ ಯಾವುದೋ ಬಾಟ್ ಬಾಗಿಲು ತಟ್ಟಿ ಹೋಗಿರುತ್ತೆ. ಫೇಲ್ಡ್ ಅಂದ್ರೆ ಫೇಲ್ ಆಯ್ತು ಅಂತಾನೇ ಅರ್ಥ. ಭಯ ಪಡಬೇಕಾದ ಸಾಲು 'ಅಕ್ಸೆಪ್ಟೆಡ್ ಪಾಸ್‌ವರ್ಡ್' ಅನ್ನೋದು. ಆಥ್ ಲಾಗ್‌ನಲ್ಲಿ ಅಕ್ಸೆಪ್ಟೆಡ್ ಅನ್ನೋ ಪದ ಗ್ರೆಪ್ ಮಾಡಿ, ಹಳೇ ಲಾಗ್‌ಗಳು ಜಿಝಿಪ್ ಆಗಿರ್ತವೆ ಅವನ್ನೂ ಬಿಡಬೇಡಿ, ಪ್ರತಿ ಐಪಿ ನಿಮ್ಮದೇನಾ ನೋಡಿ. ಮೊಬೈಲ್ ನೆಟ್‌ನಿಂದ ಲಾಗಿನ್ ಆಗೋರಾದ್ರೆ ನಿಮ್ಮ ಐಪಿನೂ ದಿನಾ ಬದಲಾಗ್ತಿರುತ್ತೆ, ಸೋ ಐಪಿ ಜೊತೆ ಟೈಮ್‌ನೂ ತಾಳೆ ನೋಡಿ. ಗುರುತಿಲ್ಲದ ಒಂದೇ ಒಂದು ಅಕ್ಸೆಪ್ಟೆಡ್ ಸಿಕ್ಕಿದ್ರೂ ಮುಂದಿನ ಚರ್ಚೆನೇ ಬೇಡ, ಆ ಸರ್ವರ್ ಕೈಬಿಡಿ.

ಪೋರ್ಟ್ 22 ತೆಗೆದು 2222 ಮಾಡಿದ್ರೆ ಲಾಗ್ ಸದ್ದು ಕಮ್ಮಿ ಆಗುತ್ತೆ ನಿಜ, ಅಷ್ಟೇ ಆಗೋದು. ಸೆಕ್ಯುರಿಟಿ ಅಂತ ಅದನ್ನ ಲೆಕ್ಕಕ್ಕೆ ಇಡಬೇಡಿ. ಪದೇಪದೇ ಫೇಲ್ ಆಗೋ ಐಪಿಗಳನ್ನ ಬ್ಲಾಕ್ ಮಾಡೋ ಫೇಲ್‌ಟುಬ್ಯಾನ್ ಒಳ್ಳೇ ಟೂಲೇ, ಆದ್ರೆ ಡಾಕರ್ ಇರೋ ಮಷೀನ್‌ನಲ್ಲಿ ಅದು ಡೀಫಾಲ್ಟಾಗಿ ಬ್ಯಾನ್ ಹಾಕೋ ಜಾಗ ಇನ್‌ಪುಟ್ ಚೈನ್ (ಚೈನ್ ಅಂದ್ರೆ ಫೈರ್‌ವಾಲ್ ರೂಲ್‌ಗಳ ಒಂದು ಪಟ್ಟಿ), ನಿಮ್ಮ ಪೋಸ್ಟ್‌ಗ್ರೆಸ್‌ಗೆ ಬರ್ತಿದ್ದ ಟ್ರಾಫಿಕ್ ಆ ಚೈನ್ ದಾರಿಗೇ ಬರಲ್ಲ. ಯಾಕೆ ಅನ್ನೋದೇ ಈ ಇಡೀ ಕಥೆ.

ಯುಎಫ್‌ಡಬ್ಲ್ಯೂ ಅನ್ನೋದು ಸ್ವಂತ ಫೈರ್‌ವಾಲ್ ಏನಲ್ಲ, ಕರ್ನಲ್‌ನಲ್ಲಿರೋ ನೆಟ್‌ಫಿಲ್ಟರ್‌ಗೆ ರೂಲ್ ಬರೆದುಕೊಡೋ ಗುಮಾಸ್ತ. ನೀವು 5432 ಬ್ಲಾಕ್ ಅಂದಾಗ ಅದು ರೂಲ್ ಬರೆಯೋದು ಇನ್‌ಪುಟ್ ಚೈನ್‌ನಲ್ಲಿ, ಅಂದ್ರೆ ಈ ಮಷೀನ್‌ಗೇ ಅಂತ ಬಂದ ಪ್ಯಾಕೆಟ್‌ಗಳಿಗೆ. ಡಾಕರ್ ಕೂಡ ಅದೇ ನೆಟ್‌ಫಿಲ್ಟರ್‌ಗೆ ತನ್ನದೇ ರೂಲ್ ಬರೆಯುತ್ತೆ, ನಿಮ್ಮನ್ನಾಗಲಿ ಯುಎಫ್‌ಡಬ್ಲ್ಯೂನಾಗಲಿ ಕೇಳಲ್ಲ. ಕಂಪೋಸ್ ಫೈಲ್‌ನಲ್ಲಿ ಪೋರ್ಟ್ಸ್ ಕೆಳಗೆ 5432:5432 ಅಂತ ಬರೆದ ಕ್ಷಣ ಅದು ನ್ಯಾಟ್ ಟೇಬಲ್‌ನ ಪ್ರೀರೌಟಿಂಗ್‌ನಲ್ಲಿ ಒಂದು ರೂಲ್ ಕೂರಿಸುತ್ತೆ, 5432ಗೆ ಬಂದಿದ್ದನ್ನ ಕಂಟೇನರ್‌ನ 172.18 ಥರದ ಒಳ ವಿಳಾಸಕ್ಕೆ ತಿರುಗಿಸು ಅಂತ. ಊರ ಪೋಸ್ಟ್ ಆಫೀಸಿಗೆ ಬರೋ ಮುಂಚೆನೇ ಕವರ್ ಮೇಲಿನ ವಿಳಾಸ ಬದಲಾಯಿಸಿಬಿಟ್ರೆ ಪಾಪ ಪೋಸ್ಟ್‌ಮಾಸ್ಟರ್ ಕೈಗೆ ಅದು ಸಿಗೋದಾದ್ರೂ ಹೇಗೆ. ವಿಳಾಸ ಬದಲಾದ ಮೇಲೆ ಕರ್ನಲ್ ಲೆಕ್ಕದಲ್ಲಿ ಆ ಪ್ಯಾಕೆಟ್ ಈ ಮಷೀನ್‌ದಲ್ಲ, ಬೇರೆಯವರಿಗೆ ದಾಟಿಸಬೇಕಾದ್ದು, ಹಂಗಾಗಿ ಇನ್‌ಪುಟ್ ಬಿಟ್ಟು ಫಾರ್ವರ್ಡ್ ಚೈನ್‌ಗೆ ಹೋಗುತ್ತೆ, ಅಲ್ಲಿ ಯುಎಫ್‌ಡಬ್ಲ್ಯೂ ರೂಲ್‌ಗಿಂತ ಮೇಲೆ ಡಾಕರ್ ತನ್ನ ರೂಲ್ ಇಟ್ಟಿರುತ್ತೆ, ಒಳಗೆ ಬಿಡುತ್ತೆ. ಯುಎಫ್‌ಡಬ್ಲ್ಯೂ ಸ್ಟೇಟಸ್ ಕೇಳಿದ್ರೆ ಮಾತ್ರ 'ಆಕ್ಟಿವ್' ಅಂತ ಆರಾಮಾಗಿ ಹೇಳುತ್ತೆ. ಅದು ಹೇಳೋದು ನೀವು ಬರೆಸಿದ ರೂಲ್ ಏನು ಅಂತ, ಏನು ತೆರೆದಿದೆ ಅಂತಲ್ಲ. ಇದು ಬಗ್ ಅಲ್ಲ, ಡಾಕರ್ ಡಾಕ್ಯುಮೆಂಟೇಷನ್‌ನಲ್ಲೇ ಬರೆದಿದಾರೆ, ಆದ್ರೆ ಇನ್‌ಸ್ಟಾಲ್ ಮಾಡೋರು ಎಷ್ಟು ಜನ ಆ ಪೇಜ್ ಓದ್ತಾರೆ ಹೇಳಿ.

ನನ್ನ ಮಾತು ನಂಬಬೇಡಿ, ನೀವೇ ನೋಡಿ. ಡಾಕರ್ ಪಿಎಸ್ ಕೊಟ್ಟಾಗ ಪೋರ್ಟ್ಸ್ ಕಾಲಂನಲ್ಲಿ 0.0.0.0:5432 ಅಂತ ಇದ್ರೆ ಜಗತ್ತಿಗೆಲ್ಲಾ ತೆರೆದಿದೆ ಅಂತ. ಆಮೇಲೆ ಹೊರಗಿನಿಂದ ಟೆಸ್ಟ್ ಮಾಡಿ, ಸರ್ವರ್ ಒಳಗೇ ಕೂತು ತನ್ನದೇ ಐಪಿಗೆ ಎನ್‌ಮ್ಯಾಪ್ (ತೆರೆದ ಪೋರ್ಟ್ ಹುಡುಕೋ ಟೂಲ್) ಓಡಿಸೋದು ಟೆಸ್ಟ್ ಅಲ್ಲ. ಲ್ಯಾಪ್‌ಟಾಪನ್ನ ಮೊಬೈಲ್ ಹಾಟ್‌ಸ್ಪಾಟ್‌ಗೆ ಹಾಕ್ಕೊಂಡು ಎನ್‌ಮ್ಯಾಪ್‌ನಲ್ಲಿ 5432, ರೆಡಿಸ್‌ನ 6379 ಎರಡೂ ನೋಡಿ, ಐಪಿವಿ6 ವಿಳಾಸ ಇದ್ರೆ ಅದಕ್ಕೂ ಬೇರೆಯಾಗಿ. 6379 ಯಾಕೆ ಅಂದ್ರೆ ರೆಡಿಸ್‌ಗೆ ಪ್ರೊಟೆಕ್ಟೆಡ್ ಮೋಡ್ ಅಂತ ಒಂದು ಕಾವಲಿದೆ, ಪಾಸ್‌ವರ್ಡ್ ಇಲ್ಲದಿದ್ರೆ ಹೊರಗಿನವರಿಗೆ ಉತ್ತರ ಕೊಡಲ್ಲ, ಆದ್ರೆ ಅಫೀಷಿಯಲ್ ಡಾಕರ್ ಇಮೇಜ್‌ನಲ್ಲಿ ಕಂಟೇನರ್‌ಗಳು ಒಂದಕ್ಕೊಂದು ಸುಲಭವಾಗಿ ಮಾತಾಡ್ಲಿ ಅಂತ ಅದನ್ನ ಆಫ್ ಮಾಡಿದಾರೆ. ನಿಮ್ಮದು ರೆಡಿಸ್ 7, ಅದರಲ್ಲಿ ಮಾಡ್ಯೂಲ್ ಲೋಡ್ ಥರದ ಅಪಾಯದ ಕಮಾಂಡ್‌ಗಳು ಡೀಫಾಲ್ಟಾಗಿ ಬಂದ್ ಇರೋದ್ರಿಂದ ಬಚಾವಾಗಿರಬಹುದು, ಒಳಗಿನ ಸೆಷನ್ ಡೇಟಾ ಯಾರಾದ್ರೂ ಓದಿರೋ ಚಾನ್ಸ್ ಮಾತ್ರ ಇದ್ದೇ ಇದೆ.

ಒಳಗೆ ಬಂದವರು ಏನು ಮಾಡಿದ್ರು ಅಂತಲೂ ಹೇಳ್ಬಿಡ್ತೀನಿ. ಕರ್ನಲ್‌ನಲ್ಲಿ ಕೆಡೆವ್‌ಟಿಎಂಪಿಎಫ್‌ಎಸ್ ಅಂತ ನಿಜವಾದ ಥ್ರೆಡ್ ಇದೆ, ಪಿಎಸ್‌ನಲ್ಲಿ ಚೌಕದ ಬ್ರಾಕೆಟ್ ಒಳಗೆ ಕಾಣುತ್ತೆ, ಸಿಪಿಯು ಹೆಚ್ಚುಕಮ್ಮಿ ಸೊನ್ನೆ. ಅದರ ಕೊನೆಗೆ ಒಂದು ಐ ಸೇರಿಸಿ ಕಣ್ಣಿಗೆ ಮಣ್ಣೆರಚೋ ಮೈನರ್ ಇದು, ಮೊನೆರೋ ಕಾಯಿನ್ ಗಣಿ ತೆಗೆಯುತ್ತೆ, ಜೊತೆಗೆ ಕಿನ್‌ಸಿಂಗ್ ಅನ್ನೋ ಇನ್ನೊಂದು ಬೈನರಿ ಕಾವಲಿಗಿರುತ್ತೆ, ನೀವು ಒಂದನ್ನ ಕೊಂದ್ರೆ ಅದು ಮತ್ತೆ ಎಬ್ಬಿಸುತ್ತೆ. ಎರಡನ್ನೂ ಕೊಂದ್ರೂ ಬಾಗಿಲು ತೆರೆದೇ ಇದೆಯಲ್ಲ, ಬಾಟ್ ಇನ್ನೊಂದು ರೌಂಡ್‌ಗೆ ಬಂದು ಮತ್ತೆ ಇಳಿಸಿ ಹೋಗುತ್ತೆ. ಪೋಸ್ಟ್‌ಗ್ರೆಸ್ ಮೂಲಕ ಹೇಗೆ ಅಂದ್ರೆ, ಡಾಕರ್ ಇಮೇಜ್‌ನಲ್ಲಿ ನೀವು ಎನ್ವಿರಾನ್‌ಮೆಂಟ್‌ನಲ್ಲಿ ಕೊಡೋ ಯೂಸರ್ ಸೂಪರ್‌ಯೂಸರ್ ಆಗಿ ಹುಟ್ಟುತ್ತೆ, ಸೂಪರ್‌ಯೂಸರ್‌ಗೆ 'ಕಾಪಿ ಫ್ರಮ್ ಪ್ರೋಗ್ರಾಂ' ಅಂತ ಒಂದು ಅಧಿಕಾರ ಇದೆ, 9.3 ವರ್ಷನ್‌ನಿಂದ ಇದೆ, ಡೇಟಾಬೇಸ್ ಕನೆಕ್ಷನ್ ಒಳಗಿಂದಲೇ ಶೆಲ್ ಕಮಾಂಡ್ ಓಡಿಸಬಹುದು. ಸಿಂಪಲ್ ಪಾಸ್‌ವರ್ಡ್ ಊಹಿಸಿದ್ರೆ ಮುಗೀತು, ಯಾವ ಎಕ್ಸ್‌ಪ್ಲಾಯಿಟ್ಟೂ ಬೇಕಾಗಿಲ್ಲ. ಪೋಸ್ಟ್‌ಗ್ರೆಸ್ ಕಂಟೇನರ್‌ನ ಡಾಕರ್ ಲಾಗ್ಸ್ ನೋಡಿ, ಪಾಸ್‌ವರ್ಡ್ ಅಥೆಂಟಿಕೇಷನ್ ಫೇಲ್ಡ್ ಅಂತ ರಾಶಿ ಸಾಲು, ಮಧ್ಯೆ ಎಲ್ಲೋ ಎರರ್ ಆಗಿ ಉಳಿದ ಕಾಪಿ ಕಮಾಂಡ್, ಬೇಸ್64 ಅನ್ನೋ ಪದ ಸಿಕ್ಕರೆ ಅನುಮಾನನೇ ಬೇಡ.

ಈಗ ಅಸಲಿ ಪ್ರಶ್ನೆ, ಕಂಟೇನರ್ ದಾಟಿ ಹೋಸ್ಟ್‌ಗೆ, ಅಂದ್ರೆ ಅಸಲಿ ಸರ್ವರ್‌ಗೆ ಬಂದಿದ್ಯಾ. ದಯವಿಟ್ಟು ಮೊದಲು ಏನನ್ನೂ ಡಿಲೀಟ್ ಮಾಡ್ಬೇಡಿ. ವಿಪಿಎಸ್ ಪ್ಯಾನಲ್‌ನಲ್ಲಿ ಸ್ನ್ಯಾಪ್‌ಶಾಟ್ ತಗೊಳ್ಳಿ, ಪ್ಯಾನಲ್‌ನಲ್ಲೇ ಇರೋ ಕ್ಲೌಡ್ ಫೈರ್‌ವಾಲ್‌ನಲ್ಲಿ 22 ಬಿಟ್ಟು ಮಿಕ್ಕಿದ್ದೆಲ್ಲಾ ಮುಚ್ಚಿ, ಅದು ಮಷೀನ್‌ನ ಹೊರಗೆ ಇರೋದ್ರಿಂದ ಡಾಕರ್‌ಗೆ ಅದನ್ನ ಬೈಪಾಸ್ ಮಾಡೋಕೆ ಬರಲ್ಲ. ಟೆಸ್ಟ್ ಇದ್ರೆ ಪೋಸ್ಟ್‌ಪೋನ್ ಮಾಡ್ಸಿ. ಕಂಟೇನರ್‌ನ ಲಾಗ್‌ಗಳನ್ನ ಫೈಲ್‌ಗೆ ತೆಗೆದಿಡಿ, ಡಾಕರ್ ಡಿಫ್ ಕೊಟ್ರೆ ಇಮೇಜ್‌ಗೆ ಹೋಲಿಸಿದ್ರೆ ಯಾವ್ಯಾವ ಫೈಲ್ ಹೊಸದಾಗಿ ಸೇರಿದೆ ಅಂತ ಪಟ್ಟಿ ಬರುತ್ತೆ, ಟಿಎಂಪಿ ಫೋಲ್ಡರ್‌ನಲ್ಲಿ ಆ ಎರಡು ಬೈನರಿ ಕಾಣ್ಬೇಕು. ಪ್ರಾಕ್ ಒಳಗೆ ಆ ಪ್ರೋಸೆಸ್‌ನ ಸಿಗ್ರೂಪ್ ಫೈಲ್ ನೋಡಿದ್ರೆ ಡಾಕರ್ ಅಂತ ಕಂಟೇನರ್ ಐಡಿ ಸಮೇತ ಇರುತ್ತೆ, ಅಲ್ಲಿಗೆ ಪಕ್ಕಾ.

ಆಮೇಲೆ ಕಂಪೋಸ್ ಫೈಲ್ ತೆಗೆದು ನೋಡಿ. ಡೇಟಾಬೇಸ್‌ಗೆ ಪ್ರಿವಿಲೆಜ್ಡ್ ಅಂತ ಕೊಟ್ಟಿದೀರಾ, ಡಾಕರ್ ಸಾಕೆಟ್ ಒಳಗೆ ಮೌಂಟ್ ಮಾಡಿದೀರಾ, ಹೋಸ್ಟ್‌ನ ಎಟಿಸಿ ಥರದ ಫೋಲ್ಡರ್ ಏನಾದ್ರೂ ಕೊಟ್ಟಿದೀರಾ. ಇವುಗಳಲ್ಲಿ ಒಂದಿದ್ರೂ ಕಂಟೇನರ್ ಅನ್ನೋ ಗೋಡೆ ಇಲ್ಲ ಅಂತ್ಲೇ ಲೆಕ್ಕ. ಹೋಸ್ಟ್‌ನಲ್ಲಿ ಎಟಿಸಿ ಒಳಗೆ ಎಲ್‌ಡಿ ಡಾಟ್ ಎಸ್‌ಒ ಡಾಟ್ ಪ್ರೀಲೋಡ್ ಅನ್ನೋ ಫೈಲ್ ಇದ್ಯಾ ನೋಡಿ, ಮಾಮೂಲಿ ಸರ್ವರ್‌ನಲ್ಲಿ ಅದು ಇರೋದೇ ಇಲ್ಲ. ಹೋಸ್ಟ್‌ನಲ್ಲಿ ರೂಟ್ ಸಿಕ್ಕಾಗ ಈ ಕಿನ್‌ಸಿಂಗ್ ಅಲ್ಲಿ ಒಂದು ಲೈಬ್ರರಿ ಬರೆದು ತನ್ನ ಪ್ರೋಸೆಸ್‌ಗಳನ್ನ ಪಿಎಸ್, ಟಾಪ್‌ನಿಂದ ಮರೆಮಾಡುತ್ತೆ, ನಿಮಗೆ ಟಾಪ್‌ನಲ್ಲಿ ಕಾಣ್ತಿದೆ ಅನ್ನೋದೇ ಅಲ್ಲಿಗೆ ಹೋಗಿಲ್ಲ ಅನ್ನೋದಕ್ಕೆ ಒಂದು ಒಳ್ಳೇ ಸೂಚನೆ, ಪುರಾವೆ ಅಲ್ಲ. ಎಲ್ಲಾ ಯೂಸರ್‌ಗಳ ಕ್ರಾನ್‌ಟ್ಯಾಬ್, ರೂಟ್‌ನ ಅಥರೈಸ್ಡ್ ಕೀಸ್, ಗೊತ್ತಿಲ್ಲದ ಸಿಸ್ಟಮ್‌ಡಿ ಸರ್ವಿಸ್, ಇಷ್ಟು ನೋಡಿ.

ಎಲ್ಲಾ ಕ್ಲೀನ್ ಇದೆ ಅಂದ್ಕೊಳ್ಳಿ. ಆಗ ಇದೇ ಸರ್ವರ್ ಇಟ್ಕೊಂಡು ಕಂಟೇನರ್ ಮಾತ್ರ ತೆಗೆದು ಹೊಸದು ಮಾಡಬಹುದು, ಕಂಪೋಸ್ ಡೌನ್ ಮಾಡಿದ್ರೆ ಕಂಟೇನರ್ ಜೊತೆ ಆ ಬೈನರಿಗಳೂ ಹೋಗ್ತವೆ, ಡೇಟಾ ವಾಲ್ಯೂಮ್‌ನಲ್ಲಿ ಉಳಿಯುತ್ತೆ. ಆದ್ರೆ ಹುಷಾರ್, ಆ ಕಮಾಂಡ್‌ಗೆ ಮೈನಸ್ ವಿ ಸೇರಿಸಿದ್ರೆ ಕಂಪೋಸ್ ಫೈಲ್‌ನಲ್ಲಿ ಬರೆದಿರೋ ವಾಲ್ಯೂಮ್‌ಗಳೂ ಹೋಗ್ತವೆ, ನೆಟ್‌ನಲ್ಲಿ ಸಿಗೋ 'ಕ್ಲೀನಪ್' ಸಲಹೆಗಳಲ್ಲಿ ಅದು ಸೇರ್ಕೊಂಡೇ ಇರುತ್ತೆ. ಇದರ ರಿಸ್ಕ್ ಏನಂದ್ರೆ ಕಂಟೇನರ್ ಮತ್ತು ಹೋಸ್ಟ್‌ಗೆ ಕರ್ನಲ್ ಒಂದೇ, ಅಪ್‌ಡೇಟ್ ಮಾಡದ ಹಳೇ ಕರ್ನಲ್ ಇದ್ರೆ ಯಾರಾದ್ರೂ ದಾಟಿರಬಹುದು, ದಾಟಿಲ್ಲ ಅಂತ ನೂರಕ್ಕೆ ನೂರು ಯಾರೂ ಹೇಳೋಕಾಗಲ್ಲ. ನಾನಾಗಿದ್ರೆ, ಮಕ್ಕಳ ಡೇಟಾ ಇರೋದ್ರಿಂದ, ಹೊಸ ವಿಪಿಎಸ್ ತಗೊಂಡು ಪಿಜಿ ಡಂಪ್‌ನಿಂದ ಬರೀ ಡೇಟಾ ಸಾಗಿಸಿ, ಆಪ್ ಕೋಡನ್ನ ಗಿಟ್‌ನಿಂದ ಹೊಸದಾಗಿ ಇಳಿಸಿ, ಹಳೇದನ್ನ ಸ್ನ್ಯಾಪ್‌ಶಾಟ್ ಇಟ್ಕೊಂಡು ಮುಚ್ಚಿಬಿಡ್ತಿದ್ದೆ. ಒಂದು ವಾರ ಎರಡು ಸರ್ವರ್ ಬಾಡಿಗೆ, ಒಂದು ಭಾನುವಾರದ ಕೆಲಸ, ಆಮೇಲೆ ನಿದ್ದೆ ಬರುತ್ತೆ. ನಿಮ್ಮ ಆಪ್ ದೊಡ್ಡದೇನಲ್ಲ, ಹಳೇದನ್ನ ಕೆದಕಿ ಕೆದಕಿ ಕ್ಲೀನ್ ಮಾಡೋಕೆ ಇದಕ್ಕಿಂತ ಜಾಸ್ತಿ ಟೈಮ್ ಹೋಗುತ್ತೆ. ಡಂಪ್ ಹಾಕೋ ಮುಂಚೆ ಮಾತ್ರ ಡೇಟಾಬೇಸ್‌ನಲ್ಲಿ ನೀವು ಮಾಡದ ರೋಲ್, ಫಂಕ್ಷನ್, ಟ್ರಿಗರ್, ವಿಚಿತ್ರ ಹೆಸರಿನ ಟೇಬಲ್ ಇದ್ಯಾ ನೋಡಿ, ರೋಲ್ ಬಿಟ್ಟು ಮಿಕ್ಕಿದ್ದು ಪಿಜಿ ಡಂಪ್ ಜೊತೆ ಬರ್ತವೆ. ಟೇಬಲ್ ಎಲ್ಲಾ ಅಳಿಸಿ 'ಬಿಟ್‌ಕಾಯಿನ್ ಕಳಿಸಿ' ಅಂತ ನೋಟ್ ಬಿಟ್ಟು ಹೋಗೋ ಗುಂಪುಗಳೂ ಇವೆ, 2017ರ ಜನವರಿಯಲ್ಲಿ ತೆರೆದಿಟ್ಟ ಮೊಂಗೋಡಿಬಿಗಳಿಗೆ ಸಾವಿರಗಟ್ಟಲೆ ಹಿಂಗೇ ಆಯ್ತು. ನಿಮಗೆ ಬಂದಿದ್ದು ಮೈನರ್ ಮಾತ್ರ, ಆ ಲೆಕ್ಕದಲ್ಲಿ ಅದೃಷ್ಟವಂತರು.

ಹೊಸ ಸರ್ವರ್‌ನಲ್ಲಿ ಏನು ಬದಲಾಗ್ಬೇಕು. ಪೋಸ್ಟ್‌ಗ್ರೆಸ್, ರೆಡಿಸ್ ಎರಡರದ್ದೂ ಪೋರ್ಟ್ಸ್ ಸಾಲನ್ನೇ ತೆಗೆದುಹಾಕಿ. ಒಂದೇ ಕಂಪೋಸ್ ಫೈಲ್‌ನಲ್ಲಿರೋ ಕಂಟೇನರ್‌ಗಳು ಸರ್ವಿಸ್ ಹೆಸರಿನಿಂದಲೇ ಮಾತಾಡ್ಕೊಳ್ತವೆ, ಪಬ್ಲಿಷ್ ಮಾಡೋ ಅಗತ್ಯನೇ ಇರ್ಲಿಲ್ಲ, ಯೂಟ್ಯೂಬ್ ಟ್ಯುಟೋರಿಯಲ್‌ಗಳಲ್ಲಿ ಲ್ಯಾಪ್‌ಟಾಪ್‌ಗೆ ಅಂತ ಬರೆದಿದ್ದು ಹಂಗೇ ಸರ್ವರ್‌ಗೆ ಬರುತ್ತೆ. ಮನೆಯಿಂದ ಡಿಬೀವರ್‌ನಲ್ಲಿ ಡೇಟಾಬೇಸ್ ನೋಡ್ಬೇಕು ಅಂದ್ರೆ 127.0.0.1:5432:5432 ಅಂತ ಬರೆದು ಎಸ್‌ಎಸ್‌ಎಚ್ ಟನಲ್‌ನಿಂದ ಹೋಗಿ, ಡಿಬೀವರ್‌ನಲ್ಲಿ ಅದಕ್ಕೆ ಟ್ಯಾಬೇ ಇದೆ. ಡಾಕರ್ 28ಕ್ಕಿಂತ ಹಳೇದಾಗಿದ್ರೆ ಹೀಗೆ ಲೋಕಲ್‌ಹೋಸ್ಟ್‌ಗೆ ಕಟ್ಟಿದ ಪೋರ್ಟ್ ಕೂಡ ಅದೇ ನೆಟ್‌ವರ್ಕ್ ಸೆಗ್ಮೆಂಟ್‌ನಲ್ಲಿರೋ ಪಕ್ಕದ ಮಷೀನ್‌ಗೆ ಸಿಗೋ ಸಾಧ್ಯತೆ ಇತ್ತು, ಸೋ ಹೊಸ ವರ್ಷನ್ ಹಾಕಿ. ಇನ್ನೂ ಬಿಗಿ ಬೇಕು ಅಂದ್ರೆ ಡೇಟಾಬೇಸ್ ಇರೋ ನೆಟ್‌ವರ್ಕ್‌ಗೆ ಇಂಟರ್ನಲ್ ಟ್ರೂ ಅಂತ ಕೊಡಿ, ಆಗ ಕಂಟೇನರ್‌ನಿಂದ ಹೊರಗೆ ಇಂಟರ್ನೆಟ್ಟೇ ಇರಲ್ಲ, ಒಳಗೆ ಯಾರಾದ್ರೂ ಬಂದ್ರೂ ಮೈನರ್ ಡೌನ್‌ಲೋಡ್ ಮಾಡೋಕಾಗಲ್ಲ. ಆದ್ರೆ ಅದರಲ್ಲಿ ಪಬ್ಲಿಷ್ ಮಾಡಿದ ಪೋರ್ಟೂ ಕೆಲಸ ಮಾಡಲ್ಲ, ಟನಲ್ ಬೇಕಾ ಇದು ಬೇಕಾ ನೀವೇ ಡಿಸೈಡ್ ಮಾಡಿ.

ನೆಟ್‌ನಲ್ಲಿ ಇದಕ್ಕೆ ಇನ್ನೊಂದು ಪರಿಹಾರ ಸಿಗುತ್ತೆ, ಡಾಕರ್ ಡೀಮನ್ ಕಾನ್ಫಿಗ್‌ನಲ್ಲಿ ಐಪಿಟೇಬಲ್ಸ್ ಫಾಲ್ಸ್ ಮಾಡಿ ಅಂತ. ಬೇಡ. ಕಂಟೇನರ್‌ಗಳಿಗೆ ಹೊರಗಿನ ನೆಟ್ ಹೋಗುತ್ತೆ, ಆಮೇಲೆ ನ್ಯಾಟ್ ರೂಲ್‌ಗಳನ್ನ ಕೈಯಾರೆ ಬರ್ಕೊಂಡು ಕೂರ್ಬೇಕು. ಯಾವುದಾದ್ರೂ ಪೋರ್ಟನ್ನ ಪಬ್ಲಿಷ್ ಮಾಡ್ಲೇಬೇಕು, ಆದ್ರೆ ಕೆಲವು ಐಪಿಗಳಿಗೆ ಮಾತ್ರ ಬಿಡ್ಬೇಕು ಅನ್ನೋ ಪರಿಸ್ಥಿತಿ ಇದ್ರೆ ಡಾಕರ್ ಯೂಸರ್ ಅಂತ ಒಂದು ಚೈನ್ ಬಿಟ್ಟಿದಾರೆ, ನಿಮ್ಮ ರೂಲ್ ಅಲ್ಲಿ ಬರೀರಿ, ಫೇಲ್‌ಟುಬ್ಯಾನ್‌ಗೂ ಆ ಚೈನ್ ತೋರಿಸಬಹುದು.

ಪಾಸ್‌ವರ್ಡ್ ವಿಷಯದಲ್ಲಿ ಒಂದು ಟ್ರ್ಯಾಪ್ ಇದೆ. ಕಂಪೋಸ್ ಫೈಲ್‌ನಲ್ಲಿ ಪೋಸ್ಟ್‌ಗ್ರೆಸ್ ಪಾಸ್‌ವರ್ಡ್ ಬದಲಾಯಿಸಿ ರೀಸ್ಟಾರ್ಟ್ ಮಾಡಿದ್ರೆ ಪಾಸ್‌ವರ್ಡ್ ಬದಲಾಯ್ತು ಅಂತ ಎಲ್ಲರೂ ಅಂದ್ಕೊಳ್ತಾರೆ, ಇಲ್ಲ. ಆ ವೇರಿಯಬಲ್ ಓದೋದು ವಾಲ್ಯೂಮ್ ಖಾಲಿ ಇದ್ದಾಗ, ಮೊದಲ ಸಲ ಮಾತ್ರ. ಇರೋ ಡೇಟಾಬೇಸ್‌ಗೆ ಆಲ್ಟರ್ ರೋಲ್ ಕೊಟ್ಟೇ ಬದಲಾಯಿಸ್ಬೇಕು. ಆಪ್‌ಗೆ ಸೂಪರ್‌ಯೂಸರ್ ಕೊಡ್ಬೇಡಿ, ಬೇರೆ ರೋಲ್ ಮಾಡಿ ತನ್ನ ಟೇಬಲ್‌ಗಳಿಗೆ ಬೇಕಾದಷ್ಟು ಪರ್ಮಿಷನ್ ಕೊಡಿ, ಆಗ ಆ ಕಾಪಿ ಫ್ರಮ್ ಪ್ರೋಗ್ರಾಂ ಕೂಡ ಓಡಲ್ಲ. ಇನ್ನೊಂದು, ಉಬುಂಟುನ ಆಟೋಮ್ಯಾಟಿಕ್ ಅಪ್‌ಡೇಟ್ ಹೋಸ್ಟ್ ಪ್ಯಾಕೇಜ್‌ಗಳನ್ನ ಮಾತ್ರ ನೋಡ್ಕೊಳ್ಳುತ್ತೆ, ಕಂಟೇನರ್ ಇಮೇಜ್‌ಗಳನ್ನ ನೀವೇ ಆಗಾಗ ಪುಲ್ ಮಾಡ್ಬೇಕು.

ಎಸ್‌ಎಸ್‌ಎಚ್ ಪಾಸ್‌ವರ್ಡ್ ಆಫ್ ಮಾಡಿದ್ರೂ ಯಾಕೆ ಕೇಳುತ್ತೆ ಅನ್ನೋದು. ನೀವು ಮೇನ್ ಫೈಲ್ ಎಸ್‌ಎಸ್‌ಎಚ್‌ಡಿ ಕಾನ್ಫಿಗ್‌ನಲ್ಲಿ ಪಾಸ್‌ವರ್ಡ್ ಅಥೆಂಟಿಕೇಷನ್ ನೋ ಅಂತ ಬರೆದಿರ್ತೀರಿ. ಆ ಫೈಲ್‌ನ ಮೇಲ್ಗಡೆನೇ ಇನ್‌ಕ್ಲೂಡ್ ಅಂತ ಒಂದು ಸಾಲಿದೆ, ಅದು ಎಸ್‌ಎಸ್‌ಎಚ್‌ಡಿ ಕಾನ್ಫಿಗ್ ಡಾಟ್ ಡಿ ಫೋಲ್ಡರ್‌ನ ಫೈಲ್‌ಗಳನ್ನ ಮೊದಲು ಓದುತ್ತೆ, ಪಾಸ್‌ವರ್ಡ್ ಕೊಟ್ಟು ಮಾಡಿದ ವಿಪಿಎಸ್‌ಗಳಲ್ಲಿ ಅಲ್ಲಿ 50-ಕ್ಲೌಡ್-ಇನಿಟ್ ಅನ್ನೋ ಫೈಲ್ ಕೂತು ಯೆಸ್ ಅಂತಿರುತ್ತೆ. ಓಪನ್‌ಎಸ್‌ಎಸ್‌ಎಚ್ ರೂಲ್ ಏನಂದ್ರೆ ಮೊದಲು ಸಿಕ್ಕ ವ್ಯಾಲ್ಯೂನೇ ಫೈನಲ್, ಕೊನೇದಲ್ಲ. ಹಂಗಾಗಿ ಆ ಫೈಲ್‌ನಲ್ಲೇ ನೋ ಮಾಡಿ, ಇಲ್ಲಾ 00 ಇಂದ ಶುರುವಾಗೋ ಹೆಸರಲ್ಲಿ ನಿಮ್ಮ ಫೈಲ್ ಇಡಿ. ಎಸ್‌ಎಸ್‌ಎಚ್‌ಡಿಯನ್ನ ಕ್ಯಾಪಿಟಲ್ ಟಿ ಆಪ್ಷನ್ ಕೊಟ್ಟು ಓಡಿಸಿದ್ರೆ ಕೊನೆಗೆ ಏನು ಜಾರಿಯಲ್ಲಿದೆ ಅಂತ ಪ್ರಿಂಟ್ ಆಗುತ್ತೆ, ಫೈಲ್ ಓದೋದು ಬಿಟ್ಟು ಅದನ್ನ ನೋಡಿ. ಪೋರ್ಟ್ ಬದಲಾಯಿಸೋದೇ ಆದ್ರೆ 24.04ರಲ್ಲಿ ಎಸ್‌ಎಸ್‌ಎಚ್ ಸಾಕೆಟ್ ಮೂಲಕ ಏಳುತ್ತೆ, ಸಿಸ್ಟಮ್‌ಡಿ ಡೀಮನ್ ರೀಲೋಡ್ ಮಾಡಿ ಎಸ್‌ಎಸ್‌ಎಚ್ ಸಾಕೆಟ್ ರೀಸ್ಟಾರ್ಟ್ ಮಾಡ್ಬೇಕು, ಇಲ್ಲಾಂದ್ರೆ ಹಳೇ ಪೋರ್ಟ್‌ನಲ್ಲೇ ಕೂತಿರುತ್ತೆ. ಇದೆಲ್ಲಾ ಮಾಡುವಾಗ ಒಂದು ಸೆಷನ್ ತೆರೆದಿಟ್ಟು ಎರಡನೇ ವಿಂಡೋದಲ್ಲಿ ಕೀ ಹಾಕಿ ಲಾಗಿನ್ ಆಗಿ ನೋಡಿ, ಆಗೋವರೆಗೂ ಮೊದಲನೇದನ್ನ ಮುಚ್ಬೇಡಿ. 22ನ್ನ ಮನೆ ಐಪಿಗೆ ಮಾತ್ರ ಬಿಡೋ ಐಡಿಯಾನೂ ಬರುತ್ತೆ, ಐಪಿ ಬದಲಾಗೋ ಕನೆಕ್ಷನ್ ಇದ್ರೆ ನೀವೇ ಹೊರಗೆ ನಿಲ್ತೀರಿ. ಅದಕ್ಕಿಂತ ವೈರ್‌ಗಾರ್ಡ್ ವಿಪಿಎನ್ ವಾಸಿ, 5.6 ಕರ್ನಲ್‌ನಿಂದ ಒಳಗೇ ಇದೆ, ಕೀ ಗೊತ್ತಿಲ್ಲದವರು ತಟ್ಟಿದ್ರೆ ಉತ್ತರಾನೇ ಕೊಡಲ್ಲ.

ಡೇಟಾ ಬಗ್ಗೆ. ಸೂಪರ್‌ಯೂಸರ್ ಆಗಿ ಒಳಗೆ ಬಂದವರು ಎಲ್ಲಾ ಟೇಬಲ್ ಓದಬಹುದಿತ್ತು. ಮೈನರ್ ಹಾಕೋ ಬಾಟ್‌ಗಳು ಸಾಮಾನ್ಯವಾಗಿ ಮಾರ್ಕ್ಸ್ ಕಾರ್ಡ್ ಓದೋಕೆ ಕೂರಲ್ಲ, ಆದ್ರೆ ಓದಿಲ್ಲ ಅಂತ ತೋರಿಸೋಕೆ ನಿಮ್ಮ ಹತ್ರ ಲಾಗ್ ಇಲ್ಲ, ಪೋಸ್ಟ್‌ಗ್ರೆಸ್ ಡೀಫಾಲ್ಟಾಗಿ ಸರಿಯಾಗಿ ಓಡಿದ ಕ್ವೆರಿಗಳನ್ನ ಬರೆದಿಡಲ್ಲ. ಲೀಕ್ ಆಗಿದೆ ಅಂತ್ಲೇ ನಡ್ಕೊಳ್ಳಿ. ಎಲ್ಲರ ಪಾಸ್‌ವರ್ಡ್ ರೀಸೆಟ್, ಆಪ್‌ನ ಸೆಷನ್ ಕೀ, ಎಸ್‌ಎಂಎಸ್, ಪೇಮೆಂಟ್ ಗೇಟ್‌ವೇ, ಮೇಲ್ ಕೀಗಳು ಹೊಸದು. ಟ್ಯೂಷನ್ ಸೆಂಟರ್ ಮಾಲೀಕರಿಗೆ ಇವತ್ತೇ ಹೇಳಿ, ಕೇಂದ್ರ ಸರ್ಕಾರದ ಸೈಬರ್ ಸೆಕ್ಯುರಿಟಿ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಇಂಥ ಘಟನೆ ಗಮನಕ್ಕೆ ಬಂದ 6 ಗಂಟೆ ಒಳಗೆ ಅವರಿಗೆ ರಿಪೋರ್ಟ್ ಮಾಡ್ಬೇಕು, ಐಟಿ ಕಾಯ್ದೆಯ 43ಎ ಕಲಂನಲ್ಲಿ ಬಾಡಿ ಕಾರ್ಪೊರೇಟ್ ಅಂದ್ರೆ ಒಬ್ಬರೇ ಮಾಲೀಕರಿರೋ ವ್ಯವಹಾರವೂ ಸೇರುತ್ತೆ, ಸೋ ಚಿಕ್ಕ ಸೆಂಟರ್ ಅಂತ ಸುಮ್ಮನಿರೋ ಹಾಗಿಲ್ಲ. ನಿಮಗೆ ಗೊತ್ತಾಗಿ ಆಗ್ಲೇ ವಾರ ಆಗಿದೆ, ತಡ ಆದ್ರೂ ಕಳ್ಸಿ. ಫಾರ್ಮ್ ಅವರ ವೆಬ್‌ಸೈಟ್‌ನಲ್ಲೇ ಇದೆ, ಐಪಿ, ಟೈಮ್, ಏನು ಕಂಡಿತು, ಏನು ಮಾಡಿದ್ರಿ ಇಷ್ಟು ಕೇಳ್ತಾರೆ, ಸ್ನ್ಯಾಪ್‌ಶಾಟ್ ಮತ್ತೆ ಆ ಡಾಕರ್ ಲಾಗ್ ಫೈಲ್ ತೆಗೆದಿಡಿ ಅಂದಿದ್ದು ಇದಕ್ಕೂ ಸೇರಿ. ಹೊಸ ಸರ್ವರ್ ರೆಡಿ ಆದಮೇಲೆ, ಡಿಎನ್‌ಎಸ್ ಬದಲಾಯಿಸೋ ಮುಂಚೆ, ಹಾಟ್‌ಸ್ಪಾಟ್‌ನಿಂದ ಇನ್ನೊಂದು ಸಲ ಎನ್‌ಮ್ಯಾಪ್ ಓಡಿಸಿ, 22, 80, 443 ಬಿಟ್ಟು ಬೇರೇನಾದ್ರೂ ಓಪನ್ ಅಂತ ಬಂದ್ರೆ ಕಂಪೋಸ್ ಫೈಲ್‌ನ ಪೋರ್ಟ್ಸ್ ಸಾಲುಗಳನ್ನ ಮತ್ತೆ ನೋಡಿ.